ಉಪ್ಪುನೀರಿನ ಅಕ್ವೇರಿಯಂಗೆ ಕಾಂಡ್ಲಾ ಗಿಡ: ಬೆಳೆದರೆ ಮಾತ್ರ ಫಿಲ್ಟರ್

ನಾಲ್ಕು ಕಾಂಡ್ಲಾ ನೆಟ್ಟರೆ ಮುಂದಿನ ತಿಂಗಳಿಗೆ ನೈಟ್ರೇಟ್ ಸೊನ್ನೆಗೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಲ್ಲ ಆಗುವುದಿಲ್ಲ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ತುಂಬಾ ನಿಧಾನವಾಗಿ ಬೆಳೆಯುವ ಗಿಡ. ಆದರೂ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ ನಾನು ಇದನ್ನು ಬೆಳೆಸಿ ಅಂತಲೇ ಹೇಳುತ್ತೇನೆ. ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ, ನೋಡಲಿಕ್ಕೂ ಅಷ್ಟು ಚೆಂದ.

ಇದು ನೀರನ್ನು ಹೇಗೆ ಶುದ್ಧ ಮಾಡುತ್ತದೆ ಅನ್ನುವುದು ಮೊದಲು ತಲೆಯಲ್ಲಿರಲಿ, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಮೀನಿನ ಹೊಲಸು, ತಿನ್ನದೆ ಬಿಟ್ಟ ಆಹಾರ ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಫಾಸ್ಫೇಟ್ ಕೂಡ ಜೊತೆಗೇ ಸೇರುತ್ತಾ ಹೋಗುತ್ತದೆ. ಗಿಡ ಈ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಬೇರಿನಿಂದ ಎಳೆದುಕೊಂಡು ಎಲೆ, ಕಾಂಡ, ಬೇರು ಕಟ್ಟಿಕೊಳ್ಳುತ್ತದೆ. ಅಂದರೆ ಹೊಸದಾಗಿ ಬೆಳೆದ ಎಲೆಯಲ್ಲಿ ಎಷ್ಟಿದೆಯೋ ಅಷ್ಟು ಮಾತ್ರ ನೀರಿನಿಂದ ಹೋಗಿದೆ. ಬೆಳೆಯದೆ ಸುಮ್ನೆ ನಿಂತಿರುವ ಗಿಡ ಏನನ್ನೂ ಶುದ್ಧ ಮಾಡುತ್ತಿಲ್ಲ. ಹಾಗಾಗಿ ನಿಮ್ಮ ಕೆಲಸ ಗಿಡವನ್ನು ಬದುಕಿಸಿಡುವುದಷ್ಟೇ ಅಲ್ಲ, ಬೆಳೆಯುವ ಹಾಗೆ ಮಾಡುವುದು.

ಟ್ಯಾಂಕ್‌ಗೆ ಸಾಮಾನ್ಯವಾಗಿ ಬಳಸುವುದು ಕೆಂಪು ಕಾಂಡ್ಲಾ, ರೈಜೋಫೊರಾ ಮ್ಯಾಂಗಲ್. ಇದು ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆದು ನೀರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಕಪ್ಪು ಕಾಂಡ್ಲಾ, ಅಂದರೆ ಅವಿಸೀನಿಯಾ, ಉಪ್ಪನ್ನು ಒಳಗೆ ತೆಗೆದುಕೊಂಡು ಎಲೆಯ ಮೂಲಕ ಹೊರಹಾಕುತ್ತದೆ, ಎಲೆ ಮುಟ್ಟಿದರೆ ಉಪ್ಪಿನ ಹರಳು ಕೈಗೆ ಹತ್ತುತ್ತದೆ. ಅದೂ ಒಳ್ಳೆಯ ಗಿಡವೇ. ಆದರೆ ಹೊಸಬರು ಕೆಂಪಿನಿಂದಲೇ ಶುರುಮಾಡಿ.

ಕೆಂಪು ಕಾಂಡ್ಲಾದ ಬೀಜ ತಾಯಿಮರದ ಮೇಲೆ ಇರುವಾಗಲೇ ಮೊಳೆತು, ಉದ್ದನೆಯ ಹಸಿರು ಕೋಲಿನ ಹಾಗಾಗಿ, ಆಮೇಲೆ ಕೆಳಗೆ ಬೀಳುತ್ತದೆ. ನಿಮ್ಮ ಕೈಗೆ ಬರುವುದು ಈ ಕೋಲು. ಸಮುದ್ರದಲ್ಲಿ ಇದು ತಿಂಗಳುಗಟ್ಟಲೆ ತೇಲಿಕೊಂಡಿದ್ದು, ಎಲ್ಲೋ ದಡ ಸೇರಿ ಬೇರು ಬಿಡುತ್ತದೆ. ಅಷ್ಟು ಗಟ್ಟಿ ಜೀವ. ಆರಿಸುವಾಗ ಬಿಗಿಯಾದ, ಸುಕ್ಕಿಲ್ಲದ ಕೋಲು ನೋಡಿ ತೆಗೆದುಕೊಳ್ಳಿ. ಸಣ್ಣ ಸಣ್ಣ ತೂತು ಇದ್ದರೆ ಬಿಟ್ಟುಬಿಡಿ, ಇವುಗಳ ಒಳಗೆ ಕೊರೆದುಕೊಂಡು ಹೋಗುವ ಒಂದು ಬಗೆಯ ದುಂಬಿ ಇದೆ, ಅದು ಹೊಕ್ಕ ಕೋಲು ಮೇಲೆ ಬರುವುದು ಕಷ್ಟ. ತುದಿಯ ಮೊಗ್ಗು ಮುರಿದಿರಬಾರದು. ಕಾಡಿನಿಂದ ಕಿತ್ತ ಗಿಡ ಬೇಡವೇ ಬೇಡ. ತುಂಬಾ ಕಡೆ ಕಾಂಡ್ಲಾಗೆ ಕಾನೂನಿನ ರಕ್ಷಣೆ ಇದೆ, ಅಲ್ಲದೆ ಬೇರು ಹರಿದ ಗಿಡ ಬದುಕುವುದೂ ಅಪರೂಪ. ತಾವೇ ಬೆಳೆಸಿ ಮಾರುವ ನಂಬಿಕಸ್ತರ ಹತ್ತಿರ ಕೋಲು ತರುವುದೇ ಸರಿ.

ತಂದ ಕೋಲು ಯಾವ ನೀರಿನಲ್ಲಿತ್ತು ಅಂತ ಕೇಳಲು ಮರೆಯಬೇಡಿ. ಇದು ನಿಜವಾಗಿ ಮುಖ್ಯ. ಸಿಹಿನೀರಿನಲ್ಲಿ ಬೇರು ಬಿಟ್ಟು ಎಲೆ ಬಂದ ಗಿಡವನ್ನು ಒಮ್ಮೆಲೇ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ) ಉಪ್ಪಿನ ನೀರಿಗೆ ಇಳಿಸಿದರೆ ಎಲೆ ಉದುರಿ ಸಾಯಬಹುದು. ಒಂದು ಬಕೆಟ್‌ನಲ್ಲಿ ಇಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಉಪ್ಪು ಏರಿಸುತ್ತಾ ಬನ್ನಿ. ಇನ್ನೂ ಬೇರು, ಎಲೆ ಏನೂ ಬರದ ಕೋಲಿಗೆ ಇಷ್ಟು ಉಪಚಾರ ಬೇಕಿಲ್ಲ, ಅದು ಟ್ಯಾಂಕ್ ನೀರಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ನಾನು ಬೇರಿಲ್ಲದ ಕೋಲನ್ನೇ ಇಷ್ಟಪಡುವುದು.

ಎಲ್ಲಿ ನೆಡಬೇಕು? ಮುಖ್ಯ ಟ್ಯಾಂಕ್‌ಗಿಂತ ಸಂಪ್ (ಅದರ ಕೆಳಗೆ ಇಡುವ, ಅದೇ ನೀರು ಹರಿದು ಬರುವ ಇನ್ನೊಂದು ತೊಟ್ಟಿ) ಅಥವಾ ರೆಫ್ಯೂಜಿಯಂ (ಪಾಚಿ, ಗಿಡ ಬೆಳೆಸಲು ಬಿಟ್ಟ ಬೇರೆ ವಿಭಾಗ) ಒಳ್ಳೆಯದು. ಅಲ್ಲಿ ನೀರಿನ ಹರಿವು ಮೆಲ್ಲಗಿರುತ್ತದೆ, ಮೇಲೆ ಜಾಗ ಇರುತ್ತದೆ, ಮೀನು ಬಂದು ಬೇರು ಕೆದಕುವುದಿಲ್ಲ. ತಳದಲ್ಲಿ 10 ರಿಂದ 15 ಸೆಂ.ಮೀ. ನಯವಾದ ಮರಳು ಅಥವಾ ರೆಫ್ಯೂಜಿಯಂಗಾಗಿ ಸಿಗುವ ಮಣ್ಣು ಹಾಕಿ. ಈ ಆಳಕ್ಕೆ ಇನ್ನೊಂದು ಕಾರಣವೂ ಇದೆ. ಮರಳಿನ ಕೆಳಪದರದಲ್ಲಿ ಆಮ್ಲಜನಕ ಕಡಿಮೆ, ಅಂಥ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಬಿಟ್ಟುಬಿಡುತ್ತವೆ. ಅದು ಗುಳ್ಳೆಯಾಗಿ ಗಾಳಿಗೆ ಸೇರುತ್ತದೆ. ಕಾಂಡ್ಲಾದ ಬೇರು ತನ್ನ ಸುತ್ತ ಸ್ವಲ್ಪ ಆಮ್ಲಜನಕ ಸೋರಿಸುವುದರಿಂದ ಮರಳಿನ ಒಳಗೆ ಆಮ್ಲಜನಕ ಬೇಕಾದವು, ಬೇಡದವು ಎರಡೂ ಬಗೆಯ ಬ್ಯಾಕ್ಟೀರಿಯಾಗಳಿಗೆ ಅಕ್ಕಪಕ್ಕದಲ್ಲೇ ಮನೆ ಸಿಗುತ್ತದೆ. ಗಿಡ ಇನ್ನೂ ಚಿಕ್ಕದಿರುವಾಗ ಎಲೆಗಿಂತ ಈ ಮರಳೇ ಜಾಸ್ತಿ ನೈಟ್ರೇಟ್ ಕಳೆಯುತ್ತಿರುತ್ತದೆ ಅನ್ನಬಹುದು. ಆದರೆ ಆಳದ ಮರಳನ್ನು ಆಮೇಲೆ ಕೆದಕಬೇಡಿ, ಅಲ್ಲಿ ಕಟ್ಟಿಕೊಂಡ ಹೈಡ್ರೋಜನ್ ಸಲ್ಫೈಡ್ ಹೊರಬಂದರೆ ಮೀನಿಗೆ ವಿಷ.

ನೆಡುವಾಗ ತಲೆಕೆಳಗು ಮಾಡಬೇಡಿ. ದಪ್ಪಗಿದ್ದು ಕಂದು ಬಣ್ಣಕ್ಕೆ ತಿರುಗಿದ ಕಡೆ ಬೇರು ಬರುತ್ತದೆ, ಚಿಕ್ಕ ಮೊಗ್ಗು ಇರುವ ಕಡೆ ಮೇಲೆ. ಕೋಲನ್ನು ಪೂರ್ತಿ ಹುಗಿಯುವುದು ಬೇಡ, 3 ರಿಂದ 5 ಸೆಂ.ಮೀ. ಮರಳೊಳಗೆ ಹೋದರೆ ಸಾಕು, ಮೊಗ್ಗು ಯಾವಾಗಲೂ ನೀರಿನ ಮೇಲೇ ಇರಬೇಕು. ನೀರು ಆಳವಿದ್ದು ಕೋಲು ತಳ ಮುಟ್ಟದಿದ್ದರೆ ಥರ್ಮೋಕೋಲ್ ತುಂಡಿಗೆ ತೂತು ಮಾಡಿ ಅದರಲ್ಲಿ ಸಿಕ್ಕಿಸಿ ತೇಲಲು ಬಿಡಿ. ಬೇರು ಉದ್ದವಾದ ಮೇಲೆ ಕಲ್ಲಿನ ಸಂದಿಗೋ ಮರಳಿಗೋ ಇಳಿಸಬಹುದು. ಒಮ್ಮೆ ಬೇರು ಹಿಡಿದ ಮೇಲೆ ಜಾಗ ಬದಲಿಸಬೇಡಿ, ಎಳೆ ಬೇರು ಬೇಗ ಮುರಿಯುತ್ತದೆ. ಒಳಹರಿವಿನ ಪೈಪು, ಪಂಪ್ ಇವುಗಳಿಂದ ದೂರ ನೆಡಿ. ಬೇರು ನೀರಿನ ದಾರಿ ಹುಡುಕಿಕೊಂಡು ಹೋಗಿ ಪೈಪ್ ಕಟ್ಟಿಕೊಳ್ಳುವ ಹಾಗೆ ಮಾಡುತ್ತದೆ.

ಮೊದಲ ವಾರಗಳಲ್ಲಿ ಏನೂ ಆಗದ ಹಾಗೆ ಕಾಣುತ್ತದೆ. ಆಗ ಎಳೆದು ನೋಡುವುದು, ಮೊಗ್ಗಿನ ಕವಚ ಬಿಡಿಸುವುದು ಎಲ್ಲ ಬೇಡ. ಕೋಲಿನೊಳಗೇ ಆಹಾರ ಇದೆ, ಅದನ್ನು ಬಳಸಿಕೊಂಡು ಮೊದಲು ಬೇರು, ಆಮೇಲೆ ಮೊದಲ ಜೋಡಿ ಎಲೆ ಬರುತ್ತದೆ. ಕೋಲು ಗಟ್ಟಿಯಾಗಿ ಹಸಿರಾಗಿ ಇರುವವರೆಗೆ ಕಾಯಿರಿ. ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಮಾತ್ರ ತೆಗೆದುಹಾಕಿ.

ಇನ್ನು ಬೆಳಕು. ಬೆಳವಣಿಗೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಹವಳಕ್ಕೆ ಹಾಕುವ ನೀಲಿ ದೀಪದ ಪಕ್ಕದ ಬೆಳಕು ಸಾಲುವುದಿಲ್ಲ. ಗಿಡಕ್ಕೇ ಅಂತ ಒಂದು ಬಿಳಿ ಬೆಳಕಿನ ಎಲ್‌ಇಡಿ, 6500 ಕೆಲ್ವಿನ್ ಆಸುಪಾಸಿನದು, ಎಲೆಯಿಂದ 20-30 ಸೆಂ.ಮೀ. ಮೇಲೆ ಕಟ್ಟಿ, ದಿನಕ್ಕೆ 10 ರಿಂದ 12 ಗಂಟೆ ಹಚ್ಚಿಡಿ. ಗಿಡ ಎತ್ತರವಾದ ಹಾಗೆ ದೀಪವನ್ನೂ ಏರಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಬಿಸಿಲು ಬೀಳುವ ಕಿಟಕಿ ಹತ್ತಿರ ಸಂಪ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ನೀರು ಬಿಸಿಯಾಗದ ಹಾಗೆ ನೋಡಿಕೊಳ್ಳಿ. ರಾತ್ರಿ ಹೊತ್ತು ದೀಪ ಹಚ್ಚಿದರೆ ಟ್ಯಾಂಕ್‌ನ ಪಿಹೆಚ್ ಬೀಳದೆ ಉಳಿಯುತ್ತದೆ ಅನ್ನುವ ಲೆಕ್ಕ ನೀರಿನೊಳಗಿನ ಪಾಚಿಗೆ ಸರಿ. ಕಾಂಡ್ಲಾಗೆ ಅದು ಹೊಂದುವುದಿಲ್ಲ. ಇದರ ಎಲೆ ಇರುವುದು ಗಾಳಿಯಲ್ಲಿ, ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದೂ ಗಾಳಿಯಿಂದಲೇ, ಆಮ್ಲಜನಕ ಬಿಡುವುದೂ ಗಾಳಿಗೇ.

ಗುಳ್ಳೆ ಒಡೆದು ಸಿಡಿದ ಉಪ್ಪುನೀರು ಎಲೆಯ ಮೇಲೆ ಒಣಗಿ ಕೂರುತ್ತದೆ, ಜೊತೆಗೆ ಧೂಳು. ಎರಡು ದಿನಕ್ಕೊಮ್ಮೆ ಆರ್‌ಒ ನೀರು ಸಿಂಪಡಿಸಿ, ಮೆತ್ತಗಿನ ಬಟ್ಟೆಯಿಂದ ಎಲೆ ಒರೆಸಿ. ಇದೇ ಹೊತ್ತಿಗೆ ಎಲೆಯ ಹಿಂಬದಿ ನೋಡಿಬಿಡಿ. ಮನೆಯೊಳಗಿನ ಗಿಡಕ್ಕೆ ಬಿಳಿ ಹಿಟ್ಟಿನಂಥ ತಿಗಣೆ, ಜೇಡನುಸಿ ಹತ್ತುವುದು ಇದ್ದದ್ದೇ. ಕೀಟನಾಶಕ ಮಾತ್ರ ದಯವಿಟ್ಟು ಹೊಡೆಯಬೇಡಿ. ಒಂದು ಹನಿ ಕೆಳಗೆ ಬಿದ್ದರೂ ಸಿಗಡಿ, ಏಡಿಗಳ ಪ್ರಾಣಕ್ಕೆ ಬರಬಹುದು. ಒದ್ದೆ ಬಟ್ಟೆಯಲ್ಲಿ ಕೈಯಾರೆ ಒರೆಸಿ ತೆಗೆಯುವುದೇ ದಾರಿ.

ಎಲೆ ನೀರನ್ನು ಆವಿಯಾಗಿ ಬಿಡುತ್ತದೆ, ಉಪ್ಪು ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಗಿಡ ದೊಡ್ಡದಾದ ಹಾಗೆ ಸಂಪ್ ನೀರು ಬೇಗ ಇಳಿಯುವುದು ಗಮನಕ್ಕೆ ಬರುತ್ತದೆ, ಅಲ್ವಾ? ತುಂಬಿಸುವಾಗ ಸಿಹಿನೀರು, ಅಂದರೆ ಆರ್‌ಒ ನೀರನ್ನೇ ಹಾಕಿ. ಟ್ಯಾಂಕ್ ನೀರಿನ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ ಎಷ್ಟು ಭಾರ ಅನ್ನುವುದು) 1.025 ಹತ್ತಿರ ನಿಲ್ಲಬೇಕು. ಮೆಗ್ನೀಸಿಯಂ ಕೂಡ ಆಗಾಗ ಪರೀಕ್ಷೆ ಮಾಡಿ, ಎಲೆಯ ಹಸಿರಿಗೆ ಅದು ಬೇಕು, ಹವಳಕ್ಕೂ ಬೇಕು. ಸಮುದ್ರದ ನೀರಿನಲ್ಲಿ ಅದು ಸುಮಾರು 1300 ಪಿಪಿಎಂ ಇರುತ್ತದೆ, ನೀವೂ ಅಷ್ಟಕ್ಕೇ ಇಟ್ಟುಕೊಳ್ಳಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ ಇರಬಹುದು. ಕೆಳಗಿನ ಹಳೆ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಅದು ಸಹಜ.

ಉದುರಿದ ಎಲೆಯನ್ನು ಅದೇ ದಿನ ತೆಗೆಯಿರಿ. ಗಿಡ ತಿಂಗಳುಗಟ್ಟಲೆ ಕಷ್ಟಪಟ್ಟು ನೀರಿನಿಂದ ಎತ್ತಿದ್ದು ಆ ಎಲೆಯಲ್ಲಿದೆ, ನೀರಲ್ಲೇ ಕೊಳೆಯಲು ಬಿಟ್ಟರೆ ಒಂದಿಷ್ಟು ವಾಪಸ್ ಅಲ್ಲಿಗೇ ಹೋಗುತ್ತದೆ. ಎಲೆ ಆಚೆ ಹಾಕಿದಾಗಲೇ ನೈಟ್ರೇಟ್, ಫಾಸ್ಫೇಟ್ ನಿಜವಾಗಿ ಮನೆ ಬಿಟ್ಟು ಹೋಗುವುದು.

ಕತ್ತರಿ ಹಾಕುವಾಗ ಜೋಪಾನ. ಬೇರೆ ಗಿಡಗಳಿಗೆ ಮಾಡುವ ಹಾಗೆ ಕೆಂಪು ಕಾಂಡ್ಲಾವನ್ನು ಎಲೆಯಿಲ್ಲದ ಹಳೇ ಕಾಂಡದಲ್ಲಿ ಕತ್ತರಿಸಿದರೆ ಮತ್ತೆ ಚಿಗುರುವುದಿಲ್ಲ, ಹಾಗೇ ಒಣಗುತ್ತದೆ. ಕೆಲವು ಜೋಡಿ ಎಲೆ ಬಂದು ಗಿಡ ಗಟ್ಟಿಯಾಗುವವರೆಗೆ ಮುಟ್ಟಬೇಡಿ. ಆಮೇಲೆ ತುದಿಯ ಮೊಗ್ಗನ್ನು ಮಾತ್ರ ಚಿವುಟಿ, ಕೆಳಗೆ ಎಲೆ ಉಳಿದಿರಲಿ, ಪಕ್ಕದಲ್ಲಿ ಕೊಂಬೆ ಬರುತ್ತದೆ. ಹೀಗೆ ಮಾಡಿದರೆ ಎತ್ತರ ಕೈಮೀರುವುದಿಲ್ಲ. ಹೆಚ್ಚಾದ ಗಿಡವನ್ನಾಗಲೀ ಕೋಲನ್ನಾಗಲೀ ಹತ್ತಿರದ ಹಳ್ಳಕ್ಕೋ ಸಮುದ್ರಕ್ಕೋ ಬಿಡಬಾರದು. ಹವಾಯಿ ದ್ವೀಪಗಳಲ್ಲಿ ಕಾಂಡ್ಲಾ ಮೊದಲು ಇರಲೇ ಇಲ್ಲ. 1902ರಲ್ಲಿ ಮೊಲೊಕಾಯಿ ದ್ವೀಪದ ಕೆಸರು ದಡ ಹಿಡಿದು ನಿಲ್ಲಿಸಲು ಕೆಂಪು ಕಾಂಡ್ಲಾ ತಂದು ನೆಟ್ಟರು, ಅದು ಬೇರೆ ದ್ವೀಪಗಳಿಗೂ ಹರಡಿ ಅಲ್ಲಿನ ಹಕ್ಕಿಗಳ ಜಾಗ ತಿಂದುಹಾಕಿತು. ಈಗ ಅದನ್ನು ಕಿತ್ತು ತೆಗೆಯುವ ಕೆಲಸ ಮಾಡಬೇಕಾಗಿ ಬಂದಿದೆ.

ಎಷ್ಟು ಗಿಡ ಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಜಾಗ ಮತ್ತು ಬೆಳಕು ಎಷ್ಟಕ್ಕೆ ಸಾಕಾಗುತ್ತದೋ ಅಷ್ಟು. ಬೆಳಕು ಸಿಗದ ಹತ್ತು ಗಿಡಕ್ಕಿಂತ ಚೆನ್ನಾಗಿ ಬೆಳೆಯುವ ಮೂರು ಮೇಲು. ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಹೊಲಸು ತೆಗೆಯುವ ಸಾಧನ) ತೆಗೆಯಬೇಡಿ, ನೀರು ಬದಲಿಸುವುದನ್ನೂ ನಿಲ್ಲಿಸಬೇಡಿ. ನೈಟ್ರೇಟ್ ಈಗಲೇ ಜಾಸ್ತಿ ಇದ್ದರೆ ಅದೇ ರೆಫ್ಯೂಜಿಯಂನಲ್ಲಿ ಕಾಂಡ್ಲಾ ಬೇರಿನ ನಡುವೆ ಕೀಟೋಮಾರ್ಫಾ ಪಾಚಿ ಬಿಡಿ. ಅದು ವಾರ ವಾರ ಹೆಚ್ಚುತ್ತದೆ, ಒಂದು ಹಿಡಿ ಕಿತ್ತು ಎಸೆದರೆ ಅಷ್ಟು ಕಸ ಹೋದಂತೆ. ಎರಡೂ ಜೊತೆಗೆ ಚೆನ್ನಾಗಿ ಇರುತ್ತವೆ. ಪಾಚಿ ಈ ತಿಂಗಳ ಕೆಲಸ ನೋಡಿಕೊಳ್ಳುತ್ತದೆ, ಅಷ್ಟರಲ್ಲಿ ಕಾಂಡ್ಲಾ ಬೇರು ಹಿಡಿದು ಮೇಲೇಳಲು ಸಮಯ ಸಿಗುತ್ತದೆ.