ಲೇಸ್ ವಿಗ್ ನನ್ನ ಹಣೆಗೆ ಒಗ್ಗಿದ್ದು ಹೀಗೆ

ಕೀಮೋ ಶುರುವಾದ ಮೂರನೇ ವಾರ ದಿಂಬಿನ ತುಂಬಾ ಕೂದಲು. ತಂಗಿಯ ಮದುವೆಗೆ ಎರಡೇ ತಿಂಗಳಿತ್ತು. ಲೇಸ್ ಫ್ರಂಟ್ ವಿಗ್ ತರಿಸಿದೆ, ಅಂದರೆ ಹಣೆಯ ಕಡೆ ತೆಳ್ಳಗಿನ ಬಲೆಗೆ (ಲೇಸ್) ಕೂದಲು ಕಟ್ಟಿರುವ ವಿಗ್. ಕೂದಲು ಚೆನ್ನಾಗಿತ್ತು, ಆದರೆ ಹಾಕಿಕೊಂಡರೆ ತಲೆಗೆ ಟೋಪಿ ಇಟ್ಟ ಹಾಗೆ ಕಾಣುತ್ತಿತ್ತು.

ಯಾಕೆ ಅಂತ ಗೊತ್ತಾಗಿದ್ದು ಅಮ್ಮನ ಹಣೆ ನೋಡಿದಾಗ. ಅಂಚಿನಲ್ಲಿ ತೆಳ್ಳಗಿನ ಪುಟ್ಟ ಕೂದಲು, ಅಲ್ಲೊಂದು ಇಲ್ಲೊಂದು. ಅರ್ಧ ಇಂಚು ಹಿಂದೆ ಹೋದ ಮೇಲೆಯೇ ದಟ್ಟ. ವಿಗ್‌ನಲ್ಲಿ ಮೊದಲ ಸಾಲೇ ದಟ್ಟವಾಗಿತ್ತು, ಸ್ಕೇಲ್ ಇಟ್ಟು ಗೆರೆ ಎಳೆದಂತೆ.

ಚಿಮುಟ ಹಿಡಿದು ಎರಡು ಸಂಜೆ ಕೂತೆ. ತೀರಾ ಅಂಚನ್ನು ಮುಟ್ಟಲಿಲ್ಲ. ಅದರ ಸ್ವಲ್ಪ ಹಿಂದೆ ಎರಡು ಮೂರು ಎಳೆ ಕಿತ್ತು, ಪಕ್ಕಕ್ಕೆ ಸರಿಯುವುದು. ಒಂದೇ ಕಡೆ ಕಿತ್ತರೆ ಬೋಳು ಕಾಣುತ್ತದೆ, ಮತ್ತೆ ತುಂಬೋಕೆ ಆಗಲ್ಲ. ಆಗಾಗ ದೂರ ನಿಂತು ನೋಡುತ್ತಿದ್ದೆ.

ಆಮೇಲೆ ಬೈತಲೆ. ಲೇಸ್‌ಗೆ ಪ್ರತಿ ಎಳೆಯನ್ನೂ ಕೈಯಲ್ಲೇ ಗಂಟು ಹಾಕಿರುತ್ತಾರೆ. ಆ ಗಂಟುಗಳು ಕಪ್ಪು ಚುಕ್ಕಿಗಳಂತೆ ಕಾಣುತ್ತವೆ, ಅದಕ್ಕೇ ಬ್ಲೀಚ್ ಮಾಡುವುದು. ಮೊದಲ ಸಲ ಮಿಶ್ರಣ ನೀರಾಗಿ, ಲೇಸ್ ದಾಟಿ ಕೂದಲಿನ ಬುಡಕ್ಕೇ ಇಳಿಯಿತು. ಬೈತಲೆಯ ಒಂದು ಕಡೆ ಕಿತ್ತಳೆ ಬಣ್ಣ! ಆ ರಾತ್ರಿ ತುಂಬಾ ಅತ್ತೆ. ಮಸ್ಕಾರಾ ಹಚ್ಚಿ ಮುಚ್ಚಿದೆ. ಉಳಿದ ಭಾಗಕ್ಕೆ ಬೆಣ್ಣೆಯಷ್ಟು ಗಟ್ಟಿ ಕಲಸಿ, ಒಳಗಡೆಯಿಂದ ಮೆಲ್ಲಗೆ ಹಚ್ಚಿ, ಹತ್ತು ಹತ್ತು ನಿಮಿಷಕ್ಕೆ ನೋಡಿದೆ. ಜಾಸ್ತಿ ಹೊತ್ತು ಬಿಟ್ಟರೆ ಗಂಟು ಸಡಿಲವಾಗಿ ಕೂದಲು ಉದುರುತ್ತದೆ.

ಬಿಳಿಚಿದ ಲೇಸ್ ನನ್ನ ಕಂದು ಮೈಬಣ್ಣಕ್ಕೆ ಹೊಂದುತ್ತಿರಲಿಲ್ಲ. ಗಟ್ಟಿ ಟೀ ಡಿಕಾಕ್ಷನ್ ಆರಿಸಿ ಅದ್ದಿದೆ. ಮೊದಲು ಅಂಚಿನಾಚೆ ಹೆಚ್ಚಿಗೆ ಇರುವ ಲೇಸ್‌ನ ಮೂಲೆಯಿಂದ ಒಂದು ತುಂಡು ಕತ್ತರಿಸಿ, ಅದ್ದಿ, ಒಣಗಿದ ಮೇಲೆ ಹಣೆಗೆ ಹಿಡಿದು ನೋಡಿ. ಒದ್ದೆಯಿದ್ದಾಗ ಕಾಣುವ ಬಣ್ಣ ನಂಬಬೇಡಿ. ಬೈತಲೆಗೆ ನಮ್ಮ ಬಣ್ಣದ ಕಾಂಪ್ಯಾಕ್ಟ್ ಪೌಡರ್ ಸಾಕು. ಬಾಚಣಿಗೆ ತುದಿಯಿಂದ ಅದನ್ನು ಒಂಚೂರು ಸೊಟ್ಟ ಮಾಡಿದೆ. ನಮ್ಮ ಬೈತಲೆಯೂ ಅಷ್ಟು ನೇರ ಇರಲ್ಲ, ಅಲ್ವಾ?

ಅಂಚಿನ ಉಳಿದ ಹೆಚ್ಚುವರಿ ಲೇಸ್ ಕತ್ತರಿಸಿದ್ದು ಕೊನೆಗೆ, ಅಂಕುಡೊಂಕಾಗಿ. ನೆತ್ತಿ ಉರಿಯುತ್ತಿದ್ದುದರಿಂದ ಅಂಟು ಬೇಡ ಅಂತ ತಲೆಗೆ ವೆಲ್ವೆಟ್ ಬ್ಯಾಂಡ್ ಹಾಕಿ ಅದರ ಮೇಲೆ ವಿಗ್ ಕೂರಿಸಿದೆ.

ಮದುವೆ ದಿನ ಮಲ್ಲಿಗೆ ದಂಡೆ ಮುಡಿದೆ. ಮೇಲೆ ಮುಡಿದರೆ ಭಾರಕ್ಕೆ ವಿಗ್ ಹಿಂದಕ್ಕೆ ಜಾರುತ್ತದೆ. ಜಡೆಯ ಬುಡದಲ್ಲಿ, ಕತ್ತಿನ ಹತ್ತಿರ ಪಿನ್ ಮಾಡಿದೆವು. ರಾತ್ರಿ ಊಟದವರೆಗೂ ಅಲುಗಲಿಲ್ಲ.