ಹನ್ನೆರಡು ಪಾರ್ ಲೈಟು, ಒಂದು ನ್ಯೂಟ್ರಲ್

ತಾಲೂಕು ಕೇಂದ್ರದ ಸಭಾಭವನಕ್ಕೆ ನಾಟಕ ಹೋದರೆ ನನ್ನ ಬೆಳಕಿನ ಕೆಲಸ ಕರೆಂಟಿನ ಮೇನ್ ಬೋರ್ಡಿನಿಂದಲೇ ಶುರು. ಸಾವಿರ ವಾಟ್‌ನ ಒಂದು ಪಾರ್ 64 ಲೈಟು (ರಂಗಕ್ಕೆ ಬಳಸುವ ದೀಪ) 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಹನ್ನೆರಡಕ್ಕೆ 52. ಒಂದೇ ಫೇಸಿನಿಂದ ತೆಗೆದರೆ 32 ಆಂಪಿಯರ್ ಎಂಸಿಬಿ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚು) ನಿಲ್ಲುವುದಿಲ್ಲ. ಮೂರು ಫೇಸಿಗೆ ನಾಲ್ಕು ನಾಲ್ಕು ಹಂಚಿದರೆ ತಲಾ 17ರ ಆಸುಪಾಸು, ನೆಮ್ಮದಿ. ಒಂದೇ ದೃಶ್ಯದಲ್ಲಿ ಒಟ್ಟಿಗೆ ಉರಿಯುವವನ್ನು ಒಂದೇ ಫೇಸಿಗೆ ಕೊಡುವುದಿಲ್ಲ.

ನನಗೆ ನಿಜವಾದ ಭಯ ನ್ಯೂಟ್ರಲ್‌ದು. ಮೂರೂ ಫೇಸಿನ ಕರೆಂಟು ವಾಪಸ್ ಹೋಗುವ ವೈರು ಅದು; ಬಿಟ್ಟುಹೋದರೆ ಕಡಿಮೆ ಲೋಡಿರುವ ಫೇಸಿನ ವೋಲ್ಟೇಜು 400ರ ಕಡೆಗೆ ಏರುತ್ತದೆ. ಬಲ್ಬು, ಬೆಳಕು ಏರಿಳಿಸುವ ಡಿಮ್ಮರ್, ಧ್ವನಿಯ ಆಂಪ್ಲಿಫೈಯರ್ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಉಳಿದದ್ದನ್ನೆಲ್ಲ ಕಳಚಿಟ್ಟು, ಒಂದು ಫೇಸಿನಲ್ಲಿ ಮಾತ್ರ ಎರಡು ಲೈಟು ಪೂರ್ತಿ ಉರಿಸಿ, ಮಿಕ್ಕ ಎರಡು ಫೇಸಿಗೆ ಮಲ್ಟಿಮೀಟರ್ ಹಿಡಿಯುತ್ತೇನೆ. ಲೈಟು ಉರಿಸುವ ಮುಂಚೆ ಇದ್ದದ್ದಕ್ಕಿಂತ ಮುಳ್ಳು ಹತ್ತು ವೋಲ್ಟಿಗೂ ಹೆಚ್ಚು ಏರಿದರೆ ಎಲ್ಲೋ ಸ್ಕ್ರೂ ಸಡಿಲ ಎಂದೇ ಲೆಕ್ಕ. ಹಾಲ್‌ನ ಎಲೆಕ್ಟ್ರಿಷಿಯನ್ ಬಂದು ಮೇನ್ ಇಳಿಸಿ ಬಿಗಿ ಮಾಡುವವರೆಗೆ ಮುಂದಿನ ಕೆಲಸ ಬೇಡ. ಡಿಮ್ಮರ್ ಕರೆಂಟನ್ನು ಕತ್ತರಿಸಿ ಕೊಡುವುದರಿಂದ ಮೂರು ಫೇಸು ಸಮ ಇದ್ದರೂ ನ್ಯೂಟ್ರಲ್ ಬಿಸಿಯಾಗುತ್ತದೆ. ಅದಕ್ಕೆ ತೆಳು ವೈರು ಹಾಕಲೇಬಾರದು. ಉಳಿದ ಕೇಬಲ್ಲನ್ನು ಸಿಂಬಿ ಸುತ್ತಿಟ್ಟರೆ ಒಳಗಿನ ಸುತ್ತು ಕರಗುತ್ತದೆ; ಬಿಡಿಸಿ ಹಾಸಿ.

ಫೋಕಸ್ ಮಾಡುವಾಗ ಏಣಿ ಹತ್ತಿದವರಿಗಿಂತ ಕೆಳಗೆ ನಿಂತವರ ಕಣ್ಣು ಮುಖ್ಯ. ಒಬ್ಬರನ್ನು ನಟರ ಜಾಗದಲ್ಲಿ ನಿಲ್ಲಿಸಿ ನೆರಳು ನೋಡಿ. ನೆರಳು ಆಳಿನುದ್ದವೇ ಇದ್ದರೆ ಲೈಟು 45 ಡಿಗ್ರಿಯಲ್ಲಿದೆ. ಗಿಡ್ಡವಾದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಉದ್ದವಾದರೆ ಹಿಂದಿನ ಪರದೆಯ ಮೇಲೆ ಹತ್ತುತ್ತದೆ. ಪಾರ್ ಬಲ್ಬಿನ ಬೆಳಕು ಮೊಟ್ಟೆಯಾಕಾರ. ಹಿಂಬದಿಯಿಂದ ಬಲ್ಬು ತಿರುಗಿಸಿದರೆ ಅದೇ ಲೈಟು ಅಡ್ಡಕ್ಕೋ ಉದ್ದಕ್ಕೋ ಹರಡುತ್ತದೆ. ಇದನ್ನು ಮರೆತು ಇನ್ನೊಂದು ಲೈಟು ಕೇಳುವವರೇ ಹೆಚ್ಚು. ಪ್ರತಿ ಲೈಟಿಗೂ ಸೇಫ್ಟಿ ಚೈನ್ ಬೇಕೇ ಬೇಕು.

ರಾತ್ರಿಯ ದೃಶ್ಯಕ್ಕೆ ಕಡುನೀಲಿಯೊಂದನ್ನೇ ಬಿಟ್ಟರೆ ನಮ್ಮ ಮೈಬಣ್ಣ ಬೂದಿ ಬಳಿದಂತೆ ಕಾಣುತ್ತದೆ, ಮುಖದ ಭಾವ ಸತ್ತೇಹೋಗುತ್ತದೆ. ರಂಗದ ಪಕ್ಕದ ಮರೆಯಾದ ವಿಂಗಿನಿಂದ ಬಣ್ಣ ಹಾಕದ ಒಂದು ಲೈಟನ್ನು ಶೇ. 15ಕ್ಕೆ ತೆರೆದಿಡುತ್ತೇನೆ, ರಾತ್ರಿ ರಾತ್ರಿಯಾಗೇ ಉಳಿಯುತ್ತದೆ, ಕಣ್ಣೂ ಕಾಣುತ್ತದೆ. ಕಡುನೀಲಿ ಜಿಲಟಿನ್ (ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ) ಬೆಳಕಿನ ಬಹುಪಾಲನ್ನು ತಾನೇ ಹೀರಿ ಬಿಸಿಯಾಗಿ ನಟ್ಟನಡುವೆ ಬಿಳಚಿಕೊಳ್ಳುತ್ತದೆ. ಕತ್ತರಿಸಿದ ಎರಡು ಹಾಳೆ ಜತೆಯಲ್ಲಿರಲಿ.

ಲೈಟು ಏರಿಳಿಸುವ ಬೋರ್ಡು ಎರಡು ಸಾಲಿನ, ಕೈಯಲ್ಲಿ ಎಳೆಯುವ ಮ್ಯಾನುಯಲ್ ಆದರೆ ಮೇಲಿನ ಸಾಲು ಉರಿಯುತ್ತಿರುವಾಗ ಕೆಳಗಿನದರಲ್ಲಿ ಮುಂದಿನ ದೃಶ್ಯ ಜೋಡಿಸಬೇಕು. ಕೈ ತಪ್ಪಿ ಉರಿಯುವ ಸಾಲನ್ನೇ ಎಳೆಯುವುದು ಎಲ್ಲರಿಗೂ ಆಗುವ ತಪ್ಪು. ಅದಕ್ಕೇ ಒಂದು ಸಾಲಿಗೆ ಕೆಂಪು ಟೇಪು ಅಂಟಿಸುತ್ತೇನೆ. ಯಾವ ಮಾತಿಗೆ ಲೈಟು ಬದಲಿಸಬೇಕೆಂದು ಬರೆದ ಕ್ಯೂ ಹಾಳೆಯಲ್ಲಿ ನಟರ ಕೊನೆಯ ಮಾತಿನ ಜತೆ ಅದರ ಹಿಂದಿನ ಮಾತನ್ನೂ ಬರೆದುಕೊಳ್ಳಿ. ನಟರು ಒಂದು ಸಾಲು ನುಂಗಿದರೂ ಕೈ ಸಿದ್ಧವಿರುತ್ತದೆ. ತಣ್ಣಗಿನ ಫಿಲಮೆಂಟಿಗೆ ಒಮ್ಮೆಲೇ ಪೂರ್ತಿ ಕರೆಂಟು ಕೊಟ್ಟರೆ ಬಲ್ಬು ಹೋಗುವ ಸಂಭವ ಜಾಸ್ತಿ. ಶುರುವಿಗೆ ಮುಂಚೆ, ಪರದೆ ಮುಚ್ಚಿರುವಾಗ, ಎಲ್ಲವನ್ನೂ ಶೇ. 10ರಲ್ಲಿ ಬೆಚ್ಚಗಿಡಿ.

ನಾಟಕ ಮುಗಿದ ಕೂಡಲೇ ಲೈಟು ಇಳಿಸುವ ಆತುರ ಬೇಡ. ಬಿಸಿ ಫಿಲಮೆಂಟು ಸಣ್ಣ ಏಟಿಗೂ ತುಂಡಾಗುತ್ತದೆ. ಕಾಲು ಗಂಟೆ ಆರಲಿ, ಅಷ್ಟರಲ್ಲಿ ನೆಲದ ಕೇಬಲ್ ಸುತ್ತಿಕೊಳ್ಳಬಹುದು.