ಒಂದೇ ಕುರ್ಚಿಯ ಹಲ್ಲಿನ ಕ್ಲಿನಿಕ್‌ಗೆ ಆನ್‌ಲೈನ್ ಸ್ಲಾಟ್ ಹೊಂದಿಸಿದ ನನ್ನ ಅನುಭವ

ಕುಂದಾಪುರದಲ್ಲಿ ನನ್ನದು ಹಲ್ಲಿನ ಕ್ಲಿನಿಕ್. ಒಂದು ಕುರ್ಚಿ, ಡಾಕ್ಟರ್ ನಾನೊಬ್ಬಳೇ, ಜೊತೆಗೆ ಒಬ್ಬ ಸಹಾಯಕಿ. ಆನ್‌ಲೈನ್ ಅಪಾಯಿಂಟ್‌ಮೆಂಟ್ ಶುರು ಮಾಡಿದಾಗ ಬೆಳಿಗ್ಗೆ 9:30ರಿಂದ 1ರವರೆಗೆ, ಸಂಜೆ 4ರಿಂದ 7:30ರವರೆಗೆ ಅರ್ಧರ್ಧ ಗಂಟೆಯಂತೆ ದಿನಕ್ಕೆ 14 ಸ್ಲಾಟ್ ಇಟ್ಟೆ. ತಂತ್ರಾಂಶ ತಾನಾಗಿಯೇ ಸೂಚಿಸಿದ್ದೂ ಅದನ್ನೇ. ಮೂರೇ ದಿನಕ್ಕೆ ಹೊರಗಿನ ಬೆಂಚು ತುಂಬಿಹೋಯಿತು. 10:30ಕ್ಕೆ ಬರಹೇಳಿದವರನ್ನು ಒಳಗೆ ಕರೆಯುವಾಗ 11:20. ಸಿದ್ದಾಪುರದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು, "ಡಾಕ್ಟ್ರೇ, ಈ ಬಸ್ ತಪ್ಪಿದ್ರೆ ಮತ್ತೆ ಸಂಜೆವರೆಗೆ ಎಂತದೂ ಇಲ್ಲೆ" ಎಂದು ಎದ್ದು ಹೊರಟರು. ಮೊದಲಾದರೆ ಬಂದವರು ಬಂದಂತೆ ಕಾಯುತ್ತಿದ್ದರು, ಯಾರಿಗೂ ಗಂಟೆ ಹೇಳಿರಲಿಲ್ಲ. ಈಗ ನಾನೇ ಗಂಟೆ ಕೊಟ್ಟು ಕರೆದು ಕೂರಿಸಿದ್ದೆ. ಆ ಮಾತು ಮನಸ್ಸಿಗೆ ನಾಟಿತು.

ಬುಕಿಂಗ್ ನಿಲ್ಲಿಸಿ, ಎರಡು ವಾರ ಒಂದು ನೋಟ್‌ಬುಕ್ ಇಟ್ಟೆವು. ಸಹಾಯಕಿ ಮೂರು ಕಾಲಂ ಎಳೆದಳು. ರೋಗಿ ಕುರ್ಚಿಯಲ್ಲಿ ಕೂತ ಹೊತ್ತು, ಎದ್ದ ಹೊತ್ತು, ಕುರ್ಚಿ ಮುಂದಿನವರಿಗೆ ತಯಾರಾದ ಹೊತ್ತು. ಈ ಮೂರನೆಯದನ್ನು ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

ಹಲ್ಲು ಕೀಳುವುದನ್ನೇ ನೋಡಿ. ಕೀಳುವ ಕೆಲಸ ಕೆಲವೊಮ್ಮೆ ಐದು ನಿಮಿಷದ್ದು. ಆದರೆ ಅದಕ್ಕೆ ಮುಂಚೆ ಬಿಪಿ, ಶುಗರ್, ಯಾವ ಮಾತ್ರೆ ತಗೊಳ್ತೀರಿ ಎಂದೆಲ್ಲ ಕೇಳಬೇಕು. ಇಂಜೆಕ್ಷನ್ ಕೊಟ್ಟು ತುಟಿ ಮರಗಟ್ಟುವವರೆಗೆ ಕಾಯಬೇಕು. ಕಿತ್ತ ಮೇಲೆ ಹತ್ತಿ ಕಚ್ಚಿಸಿ, ರಕ್ತ ನಿಲ್ಲುವ ಲಕ್ಷಣ ಕಂಡ ಮೇಲೆಯೇ ಏಳಿಸಬೇಕು. ಉಗುಳಬೇಡಿ, ಬಿಸಿ ತಿನ್ನಬೇಡಿ ಎಂದು ರೋಗಿಗೂ ಜೊತೆಗೆ ಬಂದವರಿಗೂ ಹೇಳಬೇಕು. ಆಮೇಲೆ ಕುರ್ಚಿ ಒರೆಸಿ, ಉಗುಳು ಹೀರುವ ಸಕ್ಷನ್ ತುದಿ ಬದಲಿಸಿ, ಹೊಸ ಟ್ರೇ ಇಡಬೇಕು. ನೋಟ್‌ಬುಕ್ ತೋರಿಸಿದ್ದು ಹೀಗೆ: ಕೀಳುವುದಕ್ಕೆ 30 ನಿಮಿಷ, ಕುರ್ಚಿ ತಯಾರಾಗಲು ಮೇಲೆ 10. ಬರೀ ನೋಡುವುದಕ್ಕೆ 15, ಮೇಲೆ 5. ಕ್ಲೀನಿಂಗ್‌ಗೆ 30, ಮೇಲೆ 10. ರೂಟ್ ಕೆನಾಲ್‌ಗೆ 60, ಮೇಲೆ 10. ಇದು ನನ್ನ ಕೈಯ ವೇಗದ ಲೆಕ್ಕ. ಬೇರೆಯವರು ತಮ್ಮದನ್ನು ತಾವೇ ಅಳೆದುಕೊಳ್ಳಬೇಕು, ನನ್ನದನ್ನು ಎತ್ತಿಕೊಂಡರೆ ಪ್ರಯೋಜನವಿಲ್ಲ.

ಆ ಮೇಲಿನ ನಿಮಿಷಗಳಿಗೆ ತಂತ್ರಾಂಶದಲ್ಲಿ ಬಫರ್ ಅನ್ನುತ್ತಾರೆ. ಅದು ರೋಗಿಗೆ ಕಾಣುವುದಿಲ್ಲ, ಕುರ್ಚಿ ಮಾತ್ರ ಅಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಹಿಂದೆ ಒಂದು, ಮುಂದೆ ಒಂದು ಎಂದು ಎರಡೂ ಕಡೆ ಹಾಕಿದರೆ ಇಬ್ಬರು ರೋಗಿಗಳ ನಡುವೆ ಬಫರ್ ಎರಡು ಪಟ್ಟಾಗುತ್ತದೆ. ನಾನು ಕೆಲಸ ಮುಗಿದ ಮೇಲಿನದನ್ನು ಮಾತ್ರ ಇಟ್ಟೆ.

ನಿಜವಾಗಿ ತಲೆ ಕೆಡಿಸಿದ್ದು ಇನ್ನೊಂದು ಸೆಟ್ಟಿಂಗ್. ಚಿಕಿತ್ಸೆ ಎಷ್ಟು ಹೊತ್ತಿನದು ಎನ್ನುವುದು ಒಂದು, ಎಷ್ಟೆಷ್ಟು ಹೊತ್ತಿಗೊಮ್ಮೆ ಅದನ್ನು ಶುರು ಮಾಡಬಹುದು ಎನ್ನುವುದು ಬೇರೆಯೇ. ನಾನು ಎರಡನೆಯದನ್ನು 15 ನಿಮಿಷಕ್ಕೆ ಬಿಟ್ಟಿದ್ದೆ. ಒಬ್ಬರು ರೂಟ್ ಕೆನಾಲ್‌ಗೆ 10:00 ಹಿಡಿದರು, ಇನ್ನೊಬ್ಬರು 11:30. ಮೊದಲನೆಯದು ಬಫರ್ ಸೇರಿ 11:10ಕ್ಕೆ ಮುಗಿಯಿತು, ಎರಡನೆಯದು 12:40ಕ್ಕೆ. 9:30ರಿಂದ ಅರ್ಧ ಗಂಟೆ, ನಡುವೆ 20 ನಿಮಿಷ, ಕೊನೆಗೆ 20 ನಿಮಿಷ ಚೂರುಚೂರಾಗಿ ಉಳಿದವು. ಯಾವ ಚೂರಿಗೂ ಕ್ಲೀನಿಂಗ್ ಹಿಡಿಸುವುದಿಲ್ಲ. ಒಟ್ಟು 70 ನಿಮಿಷ, ಅಂದರೆ ಇನ್ನೊಂದು ರೂಟ್ ಕೆನಾಲ್ ಮಾಡುವಷ್ಟು ಹೊತ್ತು.

ಕಾಗದದಲ್ಲಿ ಗೀಟು ಹಾಕಿ ನೋಡಿದೆ. 9:30, 10:40, 11:50, ಆಮೇಲೆ 1 ಗಂಟೆ. ಬೆಳಗಿನ ಪಾಳಿ 70 ನಿಮಿಷದ ಮೂರು ತುಂಡುಗಳಾಗಿ ಸರಿಯಾಗಿ ಕೂತಿತು. ರೂಟ್ ಕೆನಾಲ್‌ಗೆ 9:30 ಮತ್ತು 10:40 ಮಾತ್ರ ತೆರೆದೆ. ಮೂರನೆಯದನ್ನು ಕೊಡಲಿಲ್ಲ, ಯಾಕೆಂದರೆ ಆಟೋಕ್ಲೇವ್, ಅಂದರೆ ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಯಂತ್ರ. 121 ಡಿಗ್ರಿಯಲ್ಲಿ 15 ನಿಮಿಷ ಎಂದು ಓದಿರುತ್ತೇವೆ. ಕಾಯುವುದು, ಒಣಗುವುದು, ಆರುವುದು ಎಲ್ಲ ಸೇರಿದರೆ ನನ್ನ ಯಂತ್ರಕ್ಕೆ 50 ನಿಮಿಷದ ಹತ್ತಿರ ಬೇಕು. ಉಪಕರಣಗಳ ಸೆಟ್‌ಗಳಿರುವುದು ಲೆಕ್ಕದವು. ಕುರ್ಚಿ ಖಾಲಿ ಇದ್ದರೂ ಶುದ್ಧವಾದ ಸೆಟ್ ಇಲ್ಲದಿದ್ದರೆ ಆ ಸ್ಲಾಟ್ ತೆರೆಯುವುದು ರೋಗಿಗೆ ಮಾಡುವ ಅನ್ಯಾಯ. ಹಾಗಾಗಿ ದಿನಕ್ಕೆ ಯಾವ ಚಿಕಿತ್ಸೆ ಎಷ್ಟು ಎಂಬ ಮಿತಿಯನ್ನು ಸೆಟ್ ಎಣಿಸಿಯೇ ಹಾಕಿದೆ. ಹಿಂದಿನ ಸಂಜೆಯವರೆಗೆ ಯಾರೂ ಹಿಡಿಯದ ದೊಡ್ಡ ತುಂಡನ್ನು ಸಹಾಯಕಿ ಕ್ಲೀನಿಂಗ್‌ಗೆ ತೆರೆದುಬಿಡುತ್ತಾಳೆ.

ಉಳಿದ ತುಂಡಿನಲ್ಲಿ 11:50 ಮತ್ತು 12:10 ಬರೀ ನೋಡುವುದಕ್ಕೆ. 12:30ರಿಂದ 1ರವರೆಗಿನ ಅರ್ಧ ಗಂಟೆಯನ್ನು ಆನ್‌ಲೈನ್‌ನಲ್ಲಿ ತೋರಿಸುವುದೇ ಇಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಕೆನ್ನೆ ಹಿಡಿದುಕೊಂಡು ಬರುವವರು ಮೊಬೈಲ್ ನೋಡಿ ಸ್ಲಾಟ್ ಹುಡುಕುವುದಿಲ್ಲ. ಆ ಹೊತ್ತು ಅವರದ್ದು.

ಕೆಲವು ತಿಂಗಳ ಬುಕಿಂಗ್ ನೋಡಿದಾಗ ಇನ್ನೊಂದು ಕಂಡಿತು. ಶುಕ್ರವಾರದ 10:40 ಸದಾ ಖಾಲಿ. ಶನಿವಾರದ 9:30 ಕೂಡ. ಸಹಾಯಕಿಗೆ ತೋರಿಸಿದರೆ ತಟ್ಟನೆ "ರಾಹುಕಾಲ ಅಲ್ದಾ ಡಾಕ್ಟ್ರೇ" ಎಂದಳು. ಶುಕ್ರವಾರ 10:30ರಿಂದ 12, ಶನಿವಾರ 9ರಿಂದ 10:30. ಹೊಸ ಚಿಕಿತ್ಸೆಯನ್ನು ಆ ಹೊತ್ತಿಗೆ ಶುರು ಮಾಡಲು ಜನ ಹಿಂಜರಿಯುತ್ತಾರೆ, ಆದರೆ ಈಗಾಗಲೇ ಶುರುವಾದದ್ದನ್ನು ಮುಂದುವರಿಸಲು ಅಡ್ಡಿಯಿಲ್ಲ. ಆ ಎರಡು ಸ್ಲಾಟ್‌ಗಳನ್ನು ರೂಟ್ ಕೆನಾಲ್‌ನ ಎರಡನೇ ಸಲದವರಿಗೆ, ಕ್ಯಾಪ್ ಕೂರಿಸುವವರಿಗೆ ಇಟ್ಟೆ. ಈಗ ಅವೂ ತುಂಬುತ್ತವೆ. ನೆಮ್ಮದಿಯಿಂದ ಕೂತ ರೋಗಿಯ ಬಾಯಿಯಲ್ಲಿ ಕೆಲಸ ಮಾಡುವುದು ನನಗೂ ಸುಲಭ, ಅವರ ನಂಬಿಕೆಯೊಂದಿಗೆ ನಾನು ವಾದಿಸುವುದಿಲ್ಲ.

ಗಡಿಯಾರದ ಎಡವಟ್ಟೂ ಒಂದಾಯಿತು. ನಮ್ಮೂರ ಕಡೆ ಗಲ್ಫ್‌ನಲ್ಲಿರುವ ಮಕ್ಕಳೇ ತಂದೆತಾಯಿಗೆ ಬುಕ್ ಮಾಡುವುದು ಸಾಮಾನ್ಯ. ದುಬೈಯಲ್ಲಿದ್ದ ಮಗ ತಾಯಿಗೆಂದು ನಮ್ಮ 10:40 ಹಿಡಿದಿದ್ದ. ಪುಟ ಅವನ ಊರಿನ ಗಂಟೆ ತೋರಿಸುತ್ತಿತ್ತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ಅವನಿಗೆ ಕಂಡದ್ದು 9:10. ಅಮ್ಮನಿಗೂ ಅದನ್ನೇ ಹೇಳಿದ. ಆ ತಾಯಿ ಬಾಗಿಲು ತೆಗೆಯುವ ಮೊದಲೇ ಬಂದು, ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು. ಅದೇ ದಿನ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ, ಯಾವ ದೇಶದಿಂದ ನೋಡಿದರೂ ಭಾರತದ ಸಮಯವೇ ಕಾಣುವಂತೆ ಮಾಡಿದೆ. ಬುಕ್ ಆದಾಗ ಹೋಗುವ ಸಂದೇಶದಲ್ಲೂ "ಕುಂದಾಪುರದ ಸಮಯ" ಎಂದು ಸೇರಿಸಿದೆ.

ಎಷ್ಟು ದಿನ ಮುಂಚೆ ಹಿಡಿಯಬಹುದು ಎನ್ನುವುದನ್ನು ಮೂರು ತಿಂಗಳಿಂದ ಮೂರು ವಾರಕ್ಕೆ ಇಳಿಸಿದೆ, ಬಹಳ ಮುಂಚೆ ಹಿಡಿದವರು ಮರೆಯುತ್ತಿದ್ದರು. ಕೊನೆ ಗಳಿಗೆಯ ಬುಕಿಂಗ್‌ಗೆ ಎರಡು ಗಂಟೆಯ ಅಂತರ. ಹಿಂದಿನ ಸಂಜೆ 6ಕ್ಕೆ ನೆನಪಿನ ಸಂದೇಶ. ಫೋನ್ ಮಾಡಿ ಕೇಳುವವರ ಹೆಸರನ್ನೂ ಅದೇ ಕ್ಯಾಲೆಂಡರಿಗೆ ಹಾಕುತ್ತೇವೆ. ಪುಸ್ತಕದಲ್ಲಿ ಒಬ್ಬರು, ಪರದೆಯಲ್ಲಿ ಇನ್ನೊಬ್ಬರು ಎಂದಾದರೆ ಒಂದೇ ಕುರ್ಚಿಗೆ ಇಬ್ಬರು ಬಂದು ನಿಲ್ಲುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಗಂಗೊಳ್ಳಿಯ ಮೀನುಗಾರರು ವರ್ಷವಿಡೀ ಮುಂದೂಡಿದ ಹಲ್ಲಿನ ಕೆಲಸವನ್ನು ಆಗಲೇ ಮಾಡಿಸಿಕೊಳ್ಳುವುದು. ಆ 61 ದಿನಕ್ಕೆ ಬೇರೆಯೇ ವೇಳಾಪಟ್ಟಿ ಮಾಡಿದ್ದೇನೆ, ಸಂಜೆಯೂ ಒಂದು ರೂಟ್ ಕೆನಾಲ್ ಹೊತ್ತು ಹೆಚ್ಚು. ಅದು ಮಳೆಗಾಲವೂ ಹೌದು. ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ದಿನಗಳಿರುತ್ತವೆ. ಅದಕ್ಕೇ ಕ್ಲಿನಿಕ್ ಮುಚ್ಚುವ ಮುಂಚೆ ಮರುದಿನದ ಪಟ್ಟಿಯನ್ನು ಸಹಾಯಕಿ ಹಾಳೆಯಲ್ಲಿ ಬರೆದಿಡುತ್ತಾಳೆ.

ಕಳೆದ ತಿಂಗಳು 12:25ಕ್ಕೆ ಒಬ್ಬ ಹುಡುಗನನ್ನು ಅವನ ಅಜ್ಜಿ ಕರೆತಂದರು. ಸೈಕಲ್‌ನಿಂದ ಬಿದ್ದು ಮುಂದಿನ ಹಲ್ಲು ಬೇರುಸಮೇತ ಕಳಚಿತ್ತು. ಯಾರೋ ತಿಳಿದವರು ಹೇಳಿದಂತೆ ಅಜ್ಜಿ ಅದನ್ನು ಸ್ಟೀಲ್ ಲೋಟದ ಹಾಲಿನಲ್ಲಿ ಹಾಕಿ, ತಟ್ಟೆ ಮುಚ್ಚಿ ತಂದಿದ್ದರು. ಇಂಥ ಹಲ್ಲನ್ನು ಆದಷ್ಟು ಬೇಗ ಅದರ ಜಾಗಕ್ಕೆ ಕೂರಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು. 12:10ರವರು ಆಗಲೇ ಎದ್ದಿದ್ದರು, ಕುರ್ಚಿ ಒರೆಸಿ ಆಗಿತ್ತು. ಹಲ್ಲು ಕೂರಿಸಿ, ಪಕ್ಕದ ಹಲ್ಲುಗಳಿಗೆ ತೆಳು ತಂತಿ ಅಂಟಿಸಿ ಮುಗಿಸುವಾಗ 1:10. ಎರಡು ವಾರ ಬಿಟ್ಟು ತಂತಿ ಬಿಚ್ಚಲು, ಅವನ ಶಾಲೆ ಬಿಟ್ಟ ಮೇಲಿನ 4:40ನ್ನು ಸಹಾಯಕಿ ಅಲ್ಲೇ ಹಿಡಿದುಕೊಟ್ಟಳು.